ಒಂದೇ ತಡ

ಮಂಡಿಪೇಟೆಯಲ್ಲಿ, ಬೇರಿಂಗ್ ಅಂಗಡಿಯ ಮೇಲೆ
ಹನ್ನೆರಡಕ್ಕೆ ಹದಿನಾಲ್ಕರ ನಮ್ಮ ಸ್ಟುಡಿಯೋ.
ಗೋಡೆಗೆ ಗೋಣಿ, ಗೋಣಿಯ ಹಿಂದೆ ಹತ್ತಿ,
ಕಿಟಕಿಯಿದ್ದ ಜಾಗದಲ್ಲಿ ಇಟ್ಟಿಗೆ.
ಆದರೂ ಸಂಜೆ ನಾಲ್ಕಕ್ಕೆ ಮೆಣಸಿನಕಾಯಿ ಕರಿಯುವ ಘಾಟು
ಯಾರನ್ನೂ ಕೇಳದೆ ಒಳಗೆ ಬಂದು
ಟೇಕಿನ ನಡುವೆ ಕೆಮ್ಮಿಸುತ್ತದೆ.

ಅಲ್ಲಿ ಕೂತು ಸುಂದರಾಬಾಯಿ
ಎಂಬತ್ತು ನಿಮಿಷ ಮಾತಾಡಿದರು:
ಕಂಪನಿ ನಾಟಕದ ಕ್ಯಾಂಪುಗಳು, ಸೋರುವ ತಗಡು,
ಗಂಡು ಪಾರ್ಟಿನ ಮೀಸೆಯ ಅಂಟಿಗೆ ಸುಟ್ಟ ತುಟಿ.
"ನಡುವೆ ನಿಲ್ಲಿಸಬ್ಯಾಡ್ರಿ,
ನಿಲ್ಲಿಸಿದ್ರೆ ಸುಳ್ಳು ಹೇಳೋಕೆ ಶುರು ಮಾಡ್ತೀನಿ" ಅಂದಿದ್ದರು.
ನಾವು ನಿಲ್ಲಿಸಲಿಲ್ಲ.
ಕ್ಯಾಮೆರಾ ತನ್ನ ಹರಳಿನ ಲೆಕ್ಕದಲ್ಲಿ ಓಡಿತು,
ರೆಕಾರ್ಡರು ತನ್ನ ಹರಳಿನ ಲೆಕ್ಕದಲ್ಲಿ.
ಇಬ್ಬರೂ ಪ್ರಾಮಾಣಿಕರೇ.

ಮೊದಲು ಕಂಡದ್ದು ಉಜ್ಜಿನಪ್ಪನಿಗೆ.
ಕೆಳಗಿನ ಅಂಗಡಿಯ ಕಾವಲು, ನಮಗೆ ಟೀ ತರುವವ,
ಕಾಟನ್ ಮಿಲ್ಲಿನ ಮಗ್ಗದ ಖಾತೆಯಲ್ಲಿ ಇಪ್ಪತ್ತಾರು ವರ್ಷ ದುಡಿದು
ಎರಡೂ ಕಿವಿ ಅಲ್ಲೇ ಬಿಟ್ಟು ಬಂದವನು.
ಅಲ್ಲಿ ಯಾರ ದನಿಯೂ ಯಾರಿಗೂ ಕೇಳುತ್ತಿರಲಿಲ್ಲವಂತೆ;
ಕೈಸಾಲ, ಬೈಗುಳ, ಮಗಳ ನಿಶ್ಚಯ
ಎಲ್ಲ ಬರೀ ತುಟಿಯಲ್ಲೇ.

ಲೋಟ ಇಟ್ಟ. ಪರದೆ ನೋಡಿದ. ಮೀಟರಿನ ಹಸಿರು ಕಡ್ಡಿ ನೋಡಿದ.
"ಅಲ್ಲೋ ತಮ್ಮಾ, ಈ ಕಡ್ಡಿ ಕುಣಿದ ಮ್ಯಾಲೆ
ಆಯಮ್ಮ ಬಾಯಿ ತೆರೀತಾಳಲ್ಲ?"

ನಾನು ಕಿವಿಯನ್ನು ನಂಬಿ ಬದುಕಿದವನು. ನಕ್ಕೆ.
ಆಮೇಲೆ ಬಾಗಿಲು ಹಾಕಿಕೊಂಡು ಫ್ರೇಮು ಫ್ರೇಮು ಸರಿಸಿದೆ.
ಮೊದಲ ನಿಮಿಷದಲ್ಲಿ 'ಪ'ಕಾರಕ್ಕೆ ತುಟಿ ಸರಿಯಾಗಿ ಕೂಡುತ್ತದೆ.
ಎಂಬತ್ತರಲ್ಲಿ 'ಪರದೆ' ಎಂಬ ಮಾತು
ಎರಡು ಫ್ರೇಮು ಮೊದಲೇ ಬಂದು
ಮುಚ್ಚಿದ ಬಾಯಿಯ ಮುಂದೆ ನಿಂತಿದೆ,
ಬೀಗ ಹಾಕಿದ ಮನೆಗೆ ಬಂದ ನೆಂಟರ ಹಾಗೆ.

ಒಂದು ಫ್ರೇಮಿಗೆ ಸಾವಿರದ ಒಂಬೈನೂರ ಇಪ್ಪತ್ತು ಸ್ಯಾಂಪಲ್ಲು.
ಕೂಡಿಸಿದೆ, ಗುಣಿಸಿದೆ, ತಪ್ಪು ಎಲ್ಲೂ ಇಲ್ಲ.
ಯಾರ ಸೆಕೆಂಡು ಅನ್ನುವುದಷ್ಟೇ ತಗಾದೆ.

ಕೈಸನ್ನೆಯಲ್ಲಿ ವಿವರಿಸಿದರೆ
ಉಜ್ಜಿನಪ್ಪ ಮಿಲ್ಲಿನ ಕೂಗಿನ ಮಾತು ತೆಗೆದ.
ಊರ ಗಡಿಯಾರಗಳೆಲ್ಲ ಅದಕ್ಕೆ ಕಿವಿ ಹಿಂಡಿಸಿಕೊಳ್ಳುತ್ತಿದ್ದ ಕಾಲ.
"ನಮ್ಮ ಮನಿ ಕೆರಿ ಕಡೆ.
ಕೂಗು ಅಲ್ಲಿಗೆ ಮುಟ್ಟೋಕೆ ಆರೇಳು ಎಣಿಕಿ.
ನಮ್ಮವ್ವ ಆರೇಳು ಎಣಿಕಿ ತಡ ಏಳ್ತಿದ್ಲು,
ದಿನಾ ಅಷ್ಟೇ, ಹೆಚ್ಚಿಲ್ಲ ಕಮ್ಮಿಯಿಲ್ಲ.
ಅದು ತಡ ಅಲ್ಲ ಬಿಡು, ದೂರ.
ಮಿಲ್ಲು ನಿಂತ ಮ್ಯಾಲೆ ನೋಡು,
ಒಂದೊಂದು ಮನಿ ಗಡಿಯಾರ ಒಂದೊಂದು ದಿಕ್ಕು ಹಿಡೀತು."

ಹುಬ್ಬಳ್ಳಿಯ ಗುಜರಿಯಿಂದ ಹಳೆಯ ಪೆಟ್ಟಿಗೆಯೊಂದನ್ನು ತರಿಸಿದೆವು.
ಅದು ಕಳಿಸುವುದು ಕಪ್ಪು ಚಿತ್ರ.
ಮುಖವಿಲ್ಲ, ಮರವಿಲ್ಲ, ಒಂದು ಗೀರೂ ಇಲ್ಲ;
ಸೆಕೆಂಡಿಗೆ ಇಪ್ಪತ್ತೈದು ಸಲ ಏನನ್ನೂ ತೋರಿಸದೆ
ಎಲ್ಲರಿಗೂ ಹೊತ್ತು ಹೇಳುವ ಕಪ್ಪು.
ಒಂದು ತಂತಿ ಕ್ಯಾಮೆರಾಕ್ಕೆ, ಅಲ್ಲಿ ಟಿ ಹಾಕಿ ರೆಕಾರ್ಡರಿಗೆ,
ಕಟ್ಟಕಡೆಗೆ ಎಪ್ಪತ್ತೈದು ಓಮಿನ ಮುಚ್ಚಳ.
ಅದಿಲ್ಲದಿದ್ದರೆ ಹೊತ್ತು ತುದಿಗೆ ಬಡಿದು ವಾಪಸು ಬಂದು
ತನ್ನನ್ನೇ ಗಲಿಬಿಲಿ ಮಾಡಿಕೊಳ್ಳುತ್ತದೆ.
ರೆಕಾರ್ಡರಿನಲ್ಲಿ 'ಇಂಟರ್ನಲ್' ತೆಗೆದು 'ವಿಡಿಯೋ'ಗೆ ತಿರುಗಿಸಿದೆ.
ದೀಪ ಮಿಣುಕಿತು, ಮಿಣುಕಿತು,
ನಿಂತಿತು.

(ಸುಂದರಾಬಾಯಿಯವರ ಮಾತನ್ನು ಕೂದಲೆಳೆಯಷ್ಟು ಹಿಗ್ಗಿಸಿ
ತುಟಿಗೆ ಕೂಡಿಸಿದ್ದೇನೆ. ಹೊಲಿಗೆ ಅವರಿಗೆ ಗೊತ್ತಾಗಿಲ್ಲ.
ಹೇಳುವ ಧೈರ್ಯ ನನಗಿಲ್ಲ.)

ಪರೀಕ್ಷೆಗೆ ಉಜ್ಜಿನಪ್ಪನನ್ನೇ ಕುರ್ಚಿಗೆ ಕೂರಿಸಿ
ಏನಾದರೂ ಹೇಳು ಅಂದೆ.
ಮಗ್ಗದ ಖಾತೆಯ ರೂಢಿ: ಬಾಯಿ ಆಡಿಸಿದ, ದನಿ ತೆಗೆಯಲಿಲ್ಲ.
ಬಹಳ ಹೊತ್ತು. ಒಮ್ಮೆ ನಕ್ಕು, ಒಮ್ಮೆ ಹುಬ್ಬು ಗಂಟಿಕ್ಕಿ,
ಯಾರನ್ನೋ ಎದುರಿನ ಮಗ್ಗದಲ್ಲಿ ನಿಲ್ಲಿಸಿಕೊಂಡಂತೆ.
ಹಸಿರು ಕಡ್ಡಿ ನೆಲ ಬಿಟ್ಟು ಏಳಲಿಲ್ಲ.
ಕೆಳಗೆ ಯಾರೋ ಬೇರಿಂಗು ಉರುಳಿಸಿದ್ದು ಮಾತ್ರ ಒಂದು ಚುಕ್ಕೆ.

ಆಮೇಲೆ ಎದ್ದು ಬಂದು
ಪರದೆಯಲ್ಲಿ ತನ್ನನ್ನು ತಾನೇ ಓದಿಕೊಂಡು,
"ಈಗ ಕೂಡ್ತು ನೋಡು" ಅಂದ.