ಬಿಳಿ ರೆಕ್ಕೆಯ ಮುಂದೆ

ಗೊರೋಕದಲ್ಲಿ ಆರೂವರೆ. ಕಣಿವೆ ಇನ್ನೂ
ಮಂಜಿನ ಮುಸುಕೆಳೆದು ಮಲಗಿದೆ,
ಮೇಲೆ ಮಾತ್ರ ಆಕಾಶ ತೊಳೆದಿಟ್ಟಂತೆ.
ಅಟೈರೊ ತಕ್ಕಡಿಯ ಮೇಲೆ ಎಲ್ಲವನ್ನೂ ನಿಲ್ಲಿಸುತ್ತಾನೆ:
ಉಪ್ಪಿನ ಚೀಲ, ಸೀಮೆಸುಣ್ಣದ ಪೆಟ್ಟಿಗೆ, ಮೇಷ್ಟರು,
ಮುದುಕ ಇಜೋಮೊ, ಅವನ ಕಂಕುಳಿನ ಹುಂಜ.
ಹುಂಜವನ್ನು ಬೇರೆಯಾಗಿ ತೂಗಬೇಕೆಂದು ಇಜೋಮೊನ ಹಟ.
"ಅದಕ್ಕೂ ಒಂದು ಲೆಕ್ಕ ಬೇಡವೇ?"
ಕೊನೆಗೆ ನನ್ನ ಸರದಿ. ಐವತ್ತೆಂಟು, ಅನ್ನುತ್ತಾನೆ,
ಬರೆಯುತ್ತಾನೆ, ತಲೆ ಎತ್ತುವುದಿಲ್ಲ.

ರೆಕ್ಕೆಯ ಹೊಟ್ಟೆಗೆ ಕೈಹಾಕಿ
ಪುಟ್ಟ ಜಾಡಿಗೆ ಇಂಧನ ಬಸಿಯುತ್ತೇನೆ.
ಒಳ್ಳೆಯ ಪೆಟ್ರೋಲಿನ ಬಣ್ಣ ನೀಲಿ.
ನೀರು ಸೇರಿದ್ದರೆ ತಳದಲ್ಲಿ ಮಣಿಯಾಗಿ ಕೂರುತ್ತದೆ,
ಕಾಣುತ್ತದೆ, ಚೆಲ್ಲಬಹುದು.
ಆದರೆ ಜಾಡಿ ತುಂಬ ನೀರೇ ಇದ್ದರೆ?
ಆಗ ಗೆರೆಯಿಲ್ಲ, ಮಣಿಯಿಲ್ಲ; ಎತ್ತಿ ಹಿಡಿದರೆ
ಆಕಾಶವೇ ಅದರೊಳಗಿಳಿದು ನೀಲಿ ಅನ್ನಿಸಿಬಿಡುತ್ತದೆ.
ಟಿಲ್ಡನ್ ಮುದುಕ ಕಲಿಸಿದ್ದು: "ಬಿಳಿಯ ಮುಂದೆ ಹಿಡಿ, ಹುಡುಗಿ,
ನಿನಗೆ ಬೇಕಾದ ಬಣ್ಣದ ಮುಂದೆ ಹಿಡಿಯಬೇಡ."

ಟಯರು, ಎಣ್ಣೆ, ಚುಕ್ಕಾಣಿ, ಎಲ್ಲಕ್ಕೂ ಪಟ್ಟಿಯಿದೆ.
ಪಟ್ಟಿಯ ಕೊನೆಗೆ, ಕಂಪನಿಯವರು ಈಚೆಗೆ ಅಂಟಿಸಿದ ಚೀಟಿಯಲ್ಲಿ
ನಾನು.
ಚೆನ್ನಾಗಿದ್ದೀಯಾ?
ಚೆನ್ನಾಗಿದ್ದೇನೆ, ಎಂದಿತು ಬಾಯಿ,
ಪ್ರಶ್ನೆ ಮುಗಿಯುವ ಮೊದಲೇ.

ಎಡಗಿವಿ ಕಟ್ಟಿದೆ, ನಿಜ; ಬರೀ ನೆಗಡಿ.
ರಾತ್ರಿ ಒಂದು ಹಳದಿ ಮಾತ್ರೆ, ಅದೂ ಅರ್ಧ.
ತಗಡಿನ ಮೇಲೆ ಮಳೆ ಮೂರರವರೆಗೆ ಕುಟ್ಟಿತು,
ಅದರ ನಡುವೆ ತಂಗಿ ನಮೂರೊಳ ಫೋನು:
ಹಂದಿ ಮಾರಿದ ದುಡ್ಡು, ನಾನಂದದ್ದು, ಅವಳಂದದ್ದು,
ಫೋನಿಟ್ಟ ಮೇಲೆ ಅನ್ನಬೇಕಿತ್ತು ಎಂದು ಹೊಳೆದದ್ದು.
ಒಂದೊಂದೂ ಹುಂಜದಷ್ಟೇ ಭಾರ.
ಹುಂಜಕ್ಕಾಗಿ ಯಾರಾದರೂ ವಿಮಾನ ನಿಲ್ಲಿಸುತ್ತಾರೆಯೇ?

ಓನೆಗುವಿನ ಓಡುದಾರಿ ನಾನೂರೈವತ್ತು ಮೀಟರು,
ಗುಡ್ಡಕ್ಕೆ ಒರಗಿಸಿಟ್ಟ ಏಣಿಯ ಹಾಗೆ.
ಹೊಳೆಯ ತಿರುವು ದಾಟಿದ ಮೇಲೆ ಇಳಿಯುವುದೊಂದೇ;
ಹಿಂದಕ್ಕೆ ಹೊರಳಲು ಬೆಟ್ಟ ಜಾಗ ಬಿಟ್ಟಿಲ್ಲ.
ಅಲ್ಲಿ ಯೋಚನೆಗೆ ಸಿಗುವುದು ಎರಡು ಉಸಿರು.
ಎರಡೂ ನನ್ನವಾಗಿರಬೇಕು.
ಒಂದರಲ್ಲಿ ನಮೂರೊ ಬಂದು ಕೂತರೆ?

ದಣಿವನ್ನು ಅಳೆಯಬೇಕಾದದ್ದೂ ಅದೇ ದಣಿದ ತಲೆ.
ಕಳ್ಳನನ್ನೇ ಕರೆದು ಕೇಳಿದ ಹಾಗೆ:
ಬೀಗ ಭದ್ರವಾಗಿದೆಯಾ?

ಹತ್ತಿ ಕೂತೆ. ಬೆಲ್ಟು ಬಿಗಿದೆ.
ಬಲರೆಕ್ಕೆಯ ಮುಚ್ಚಳ ಹಾಕಿದೆನೇ?
ಹಾಕಿರುತ್ತೇನೆ. ಯಾವತ್ತೂ ಹಾಕುತ್ತೇನೆ.
ಕೈಗೆ ನೆನಪಿಲ್ಲ.
ಇಳಿದು ಹೋಗಿ ನೋಡಿದೆ: ಹಾಕಿದೆ, ಗಟ್ಟಿಯಾಗಿ,
ನನ್ನದೇ ಕೈ, ನನ್ನದೇ ಬಿಗಿ, ಹತ್ತು ನಿಮಿಷದ ಹಿಂದೆ,
ನಾನಿಲ್ಲದಾಗ.

ರೆಕ್ಕೆ ಬೆಳ್ಳಗಿತ್ತು. ಬಹಳ ಬೆಳ್ಳಗಿತ್ತು.

ಅಟೈರೊನ ಪುಸ್ತಕದಲ್ಲಿ ದೋಷಕ್ಕೆಂದೇ
ಒಂದು ಅಂಕಣ: ಬ್ರೇಕು, ರೇಡಿಯೊ, ಬ್ಯಾಟರಿ.
ಪೆನ್ನು ಹಿಡಿದು ಕಾದ. "ಏನಂತ ಬರೀಲಿ?"
ಮೇಷ್ಟರು ಗಡಿಯಾರ ನೋಡಿದರು; ಅವರ ಮಕ್ಕಳು
ವಾರದಿಂದ ಇದ್ದಿಲಲ್ಲಿ ಬರೆಯುತ್ತಿದ್ದಾರಂತೆ.
ನಾಚಿಕೆಯಾಯಿತು, ಸುಳ್ಳೇಕೆ,
ಹಾರಿಯೇಬಿಡೋಣ ಅನ್ನಿಸುವಷ್ಟು.

"ವಿಮಾನ ಕೆಟ್ಟಿದೆಯಾ?" ಇಜೋಮೊ ಕೇಳಿದ.
ಇಲ್ಲ, ಅಂದೆ. ನಾನು.
ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿ,
ಬೆಂಚಿನಲ್ಲಿ ಒಂದಿಷ್ಟು ಸರಿದು, ಸುಟ್ಟ ಗೆಣಸು ಮುರಿದು
ದೊಡ್ಡ ತುಂಡು ಹುಂಜಕ್ಕೆ, ಚಿಕ್ಕದು ನನಗೆ ಕೊಟ್ಟ.

ಹತ್ತು ಗಂಟೆಗೆ ಮೋಡ ಬಂದು
ಕಣಿವೆಯ ಬಾಯಿ ಮುಚ್ಚಿತೋ ಇಲ್ಲವೋ, ನನಗೆ ತಿಳಿಯದು.
ಬೆಂಚಿಗೊರಗಿ ನಿದ್ದೆಹೋಗಿದ್ದೆ, ಬಾಯಿ ತೆರೆದು.
ಎಚ್ಚರಾದಾಗ ತಕ್ಕಡಿಯ ಮೇಲೆ ಮತ್ತೆ ಹುಂಜ:
ಗೆಣಸಿನಿಂದ ಎಷ್ಟು ಹೆಚ್ಚಾಯಿತೆಂದು
ಇಜೋಮೊನಿಗೆ ಲೆಕ್ಕ ಬೇಕಿತ್ತು.