ತಿಪ್ಪತೀಗೆ

ಹಾಲಿನ ಡೈರಿಯವರು ಕೊಟ್ಟ ಪುಸ್ತಕದಲ್ಲಿ
ಮುಂದಿನಿಂದ ಲೀಟರು, ಫ್ಯಾಟು, ರೂಪಾಯಿ.
ಹಿಂದಿನಿಂದ ತಿರುವಿದರೆ ನನ್ನ ಡೈರಿ:
ರಾತ್ರಿ ಹನ್ನೊಂದು ಇಪ್ಪತ್ತು. ಮೂರನೇ ಸಾಲು, ಏಳನೇ ಗಿಡ.
ದಾಳಿಂಬೆಯ ಮೇಲೆ ಒಂದು. ಕಣ್ಣು ಕೆಂಡ.

ಸುಮ್ಮನೆ ಕೂತಾಗ ಒಣಗಿದೆಲೆ.
ಟಾರ್ಚು ಬಿಟ್ಟರೆ ಕೆಳರೆಕ್ಕೆ ಬಿಚ್ಚುತ್ತದೆ,
ಅರಿಶಿನಕ್ಕೆ ಆಗಷ್ಟೇ ಸುಣ್ಣ ಸೋಕಿದ ಬಣ್ಣ,
ನಡುವೆ ಕಾಡಿಗೆ ಬೊಟ್ಟು.
ಬೊಟ್ಟು ದುಂಡಗಿದ್ದರೆ ಒಂದು ಜಾತಿ.
ಬಾಗಿ, ಅಲ್ಪವಿರಾಮದ ಹಾಗಿದ್ದರೆ ಇನ್ನೊಂದು.
ಮೇಲ್ರೆಕ್ಕೆ ಪಾಚಿಹಸಿರು, ಅಂಚಿಗೆ ಕೆನೆ ಬಳಿದಿದ್ದರೆ
ಮೂರನೆಯದು. ಎರಡೇ ಸಲ ಕಂಡದ್ದು,
ಅದರಲ್ಲಿ ಒಂದು ಸಲ ಅನುಮಾನ.
ಲೋಕದಲ್ಲಿ ಈ ಕುಲದವು ಐವತ್ತರ ಆಸುಪಾಸಂತೆ.
ದುಂಡುಬೊಟ್ಟಿನದರ ಲ್ಯಾಟಿನ್ ಹೆಸರಿಗೆ ತಾಯಿಯೆಂದು ಅರ್ಥ.
ಯಾರ ತಾಯಿ ಅಂತ ಎಲ್ಲೂ ಬರೆದಿಲ್ಲ.

ಅಲ್ಪವಿರಾಮದ್ದು ಕಡಲು ದಾಟಿದೆ, ಆಫ್ರಿಕಾದಲ್ಲೂ ಇದೆ.
ಮೂಡಲ ದ್ವೀಪಗಳಲ್ಲಿ ಅದರ ಮರಿ
ಹಾಲುವಾಣದ ಎಲೆ ತಿಂದು ಬೆಳೆಯುತ್ತದಂತೆ.
ನಮ್ಮ ಹಾಲುವಾಣ ಬಾವಿಯ ಮೂಲೆಯಲ್ಲಿ
ಕೆಂಪಗೆ ಹೂಬಿಟ್ಟು ನಿಂತಿದೆ.
ಎರಡು ವರ್ಷ ಎಲೆ ಎಲೆ ಮಗುಚಿ ನೋಡಿದೆ.
ಒಂದು ಮೊಟ್ಟೆಯಿಲ್ಲ.
ರಾಯಚೂರಿಗೆ ಕೊಟ್ಟ ನಮ್ಮಕ್ಕ
ಮುದ್ದೆ ಮರೆತು ಜೋಳದ ರೊಟ್ಟಿಗೆ ಒಗ್ಗಿದ ಹಾಗೆ,
ರಕ್ತ ಒಂದೇ, ಊರಿಗೊಂದು ಊಟ.

ದಿಬ್ಬೂರಿನ ಈ ಬೇಲಿಯಲ್ಲಿ ಅದಕ್ಕೆ ಬೇಕಾದದ್ದು ಅಮೃತಬಳ್ಳಿ,
ಪಿಳ್ಳಮ್ಮಜ್ಜಿಯ ಬಾಯಲ್ಲಿ ತಿಪ್ಪತೀಗೆ.
ಇಲ್ಲವೆಂದರೆ ದಾಗಡಿಬಳ್ಳಿ. ಚಿಕ್ಕವರಿದ್ದಾಗ
ಎಲೆ ಕಿವುಚಿ ನೀರು ಹೆಪ್ಪುಗಟ್ಟಿಸಿ ಆಡುತ್ತಿದ್ದೆವಲ್ಲ, ಅದೇ.
ಮರಿ ಕಪ್ಪು ಮಖಮಲ್ಲು,
ಪಕ್ಕೆಗೆರಡೆರಡು ಕಣ್ಣು, ಏನನ್ನೂ ನೋಡದ ಕಣ್ಣು.
ಕಹಿಯನ್ನೆಲ್ಲ ಅಲ್ಲೇ ತಿಂದು ತೀರಿಸಿ
ರೆಕ್ಕೆ ಬಂದ ಮೇಲೆ
ಸಿಹಿಯ ಕಡೆ ಹಾರುತ್ತದೆ,
ನಾಲಿಗೆಯ ತುದಿಗೆ ಗರಗಸ ಕಟ್ಟಿಕೊಂಡು.

ತೋಟಗಾರಿಕೆ ಆಫೀಸಿನವರು ಬಂದು ಬೇಲಿಗೆ ಬೆರಳು ತೋರಿಸಿದರು.
ಹಣ್ಣಿಗೆ ಚೀಲ ಕಟ್ಟಿ, ಬಳ್ಳಿ ಕಿತ್ತುಬಿಡಿ.
ಅಣ್ಣ ಬಯ್ಯಣ್ಣನಿಗೆ ತೂತುಬಿದ್ದ ಹಣ್ಣಿನ ಲೆಕ್ಕ ಬಾಯಿಪಾಠ:
ಸೂಜಿಮೊನೆಯಷ್ಟು ತೂತು, ಸುತ್ತ ಮೆತ್ತಗೆ,
ನಾಲ್ಕನೇ ದಿನಕ್ಕೆ ಹುಳಿನಾತ.
ಮಚ್ಚು ತಗೊಂಡ.

ಅಜ್ಜಿ ಅಡ್ಡ ನಿಲ್ಲಲಿಲ್ಲ. ಇಷ್ಟೇ ಅಂದಳು:
"ಚಿಕೂನ್‌ಗುನ್ಯಾ ವರ್ಸ ಕೀಲೆಲ್ಲ ಇಡ್ಕೊಂಡು
ಗೋಡೆ ತಡವಿ ತಡವಿ ಬಚ್ಚಲಿಗೆ ಓಗ್ತಿದ್ದೆಲ್ಲಪ್ಪ,
ಏನು ಕುಡ್ದು ಎದ್ದೆ, ನೆಪ್ಪೈತಾ?"
ಬಯ್ಯಣ್ಣ ಮಚ್ಚು ಮಸೆಯುತ್ತಲೇ ಇದ್ದ.
ಯಾರ ಕಡೆ ನಿಲ್ಲಬೇಕೋ ನನಗೆ ತಿಳಿಯಲಿಲ್ಲ.
ಕಡಿಯುವ ಮುಂಚೆ ಮರಿ ಎಣಿಸಿದೆ. ಹತ್ತೊಂಬತ್ತು.
ಬರೆದಿಟ್ಟೆ.
ಬರೆದದ್ದು ಅವಕ್ಕೆ ಯಾವ ಕೆಲಸಕ್ಕೂ ಬರಲಿಲ್ಲ.

ಆ ರಾತ್ರಿ ಹನ್ನೆರಡು ಬಂದವು. ಮರುರಾತ್ರಿ ಹದಿನೇಳು.
ಗುಡ್ಡದ ಕಡೆಯಿಂದ, ಸ್ಮಶಾನದ ಪೊದೆಯಿಂದ,
ಇನ್ನೂ ಎಲ್ಲೆಲ್ಲಿಂದಲೋ.
ನಮ್ಮ ಬೇಲಿಯೊಂದೇ ಅವಕ್ಕೆ ತೌರು ಅಂದುಕೊಂಡಿದ್ದೆವು!

ಈಗ ಹಣ್ಣಿಗೆಲ್ಲ ಬಿಳಿ ಚೀಲ.
ಟಾರ್ಚು ಆಡಿಸಿದರೆ ತೋಟದ ತುಂಬ
ಮುಸುಕು ಹೊದ್ದ ಮಕ್ಕಳು.
ನಾಲ್ಕು ಹಣ್ಣಿಗೆ ಮಾತ್ರ ನಾನು ಕಟ್ಟಿಲ್ಲ.
ಅಣ್ಣನಿಗೆ ಗೊತ್ತಿಲ್ಲ. ಗೊತ್ತಿದ್ದೂ ಇರಬಹುದು.

ನಿನ್ನೆ ಸಂಜೆ ಬೇವಿನ ಕೊಂಬೆಯಲ್ಲಿ ಕಂಡೆ,
ಅಜ್ಜಿ ಎಸೆದದ್ದೋ, ತಾನೇ ಸಿಕ್ಕಿಕೊಂಡದ್ದೋ,
ಗೇಣುದ್ದದ ತುಂಡು. ಬುಡವಿಲ್ಲ, ಮಣ್ಣಿಲ್ಲ.
ವೀಳ್ಯದಂಥ ಎಲೆ ಮೂರು ಬಿಟ್ಟಿದೆ.
ಕೆಳಗೆ ದಾರದಂಥ ಒಂದು ಬೇರು ಇಳಿಬಿಟ್ಟಿದೆ,
ನೆಲ ಇನ್ನೂ ಎರಡು ಮೊಳ.

ಹಿಂದಿನ ಪುಟ ತೆರೆದೆ. ಮುಚ್ಚಿದೆ.
ಮುಂದಿನಿಂದ ತಿರುವಿ ಬರೆದೆ:
ಬೆಳಗಿನ ಹಾಲು ಆರೂವರೆ ಲೀಟರು. ಫ್ಯಾಟು ನಾಲ್ಕು.