ಕೈವಾರದ ಗೆರೆ

ಮಗಳ ಜಾಮಿಟ್ರಿ ಡಬ್ಬಿಯಿಂದ ಕೈವಾರ ತೆಗೆದು
ಜಿಲ್ಲೆಯ ನಕ್ಷೆಯ ಮೇಲೆ ಒಂದು ಸುತ್ತು ಎಳೆದೆ.
ಮುಳ್ಳು ಊರಿದ್ದು ದಾವಣಗೆರೆಯ ನಮ್ಮ ಅಡುಗೆಮನೆಯ ಮೇಲೆ.
ನಲವತ್ತು ಕಿಲೋಮೀಟರು. ಇದರಾಚೆಯದು
ಈ ವರ್ಷ ನನ್ನ ತಟ್ಟೆಗೆ ಬರಕೂಡದು.

ಉಪ್ಪಿಗೆ ವಿನಾಯಿತಿ ಕೊಟ್ಟೆ. ಚಹಾಪುಡಿಗೂ.
ಅಷ್ಟೇನೂ ಗಟ್ಟಿ ಜೀವವಲ್ಲ ನನ್ನದು.
ಜಗಳೂರಿನ ನವಣೆ ಗೆರೆಯಿಂದ ಕೂದಲೆಳೆಯಷ್ಟು ಹೊರಗೆ;
ಪೆನ್ಸಿಲನ್ನು ಅಲ್ಲಿ ಕೊಂಚ ಆಚೆ ತಳ್ಳಿದೆ.
ಕಂದಾಯ ಇಲಾಖೆಯಲ್ಲಿ ಇಪ್ಪತ್ತೆರಡು ವರ್ಷ ಕೂತವಳಿಗೆ
ಗೆರೆ ಸರಿಸುವುದು ಹೊಸ ವಿದ್ಯೆಯಲ್ಲ.
'ಉಪವಾಸದ ನಕ್ಷೆ' ಎಂದರು ಮನೆಯವರು,
ಪೇಪರಿನಿಂದ ಕಣ್ಣೆತ್ತದೆ.

ಮೊದಲ ಸೋಲು ಮೆಕ್ಕೆಜೋಳದಿಂದ.
ಬಸ್ಸಿನ ಕಿಟಕಿಗೆ ಆನಗೋಡಿನವರೆಗೂ ಅದೇ, ಆಳುದ್ದ.
ಮಳೆಗಾಲದಲ್ಲಿ ಸುಟ್ಟು ನಿಂಬೆ ಉಜ್ಜಿದ ಒಂದು ತೆನೆ ಬಿಟ್ಟರೆ
ನಮ್ಮ ಓಣಿಯ ಯಾವ ಒಲೆಗೂ ಅದರ ಗುರುತಿಲ್ಲ.
ಲಾರಿ ಹತ್ತಿ ಹೋಗುತ್ತದೆ, ಹಿಟ್ಟಾಗುತ್ತದೆ, ಪಾಕವಾಗುತ್ತದೆ,
ಕಾಲು ಚಾಚಲಾಗದ ಕೋಳಿಗೆ ಕಾಳಾಗುತ್ತದೆ,
ಆಮೇಲೆ ಬಿಸ್ಕೀಟಿನ ಪೊಟ್ಟಣದ ಬೆನ್ನ ಮೇಲೆ
ಇರುವೆಯಂಥ ಅಕ್ಷರಗಳ ನಡುವೆ ಕೂತು
ಹೆಸರು ಬದಲಿಸಿಕೊಂಡು ಮನೆಗೆ ಬರುತ್ತದೆ.
ಇದು ಗೆರೆಯೊಳಗಿನದೋ, ಹೊರಗಿನದೋ?

ದೋಸೆ ಹೋಟೆಲಿನ ಹುಡುಗನನ್ನು ಕೇಳಿದೆ,
ಬೆಣ್ಣೆ ಯಾವೂರದಪ್ಪ?
'ಡಬ್ಬದ್ದು ಮೇಡಂ, ಫಸ್ಟ್‌ಕ್ಲಾಸ್' ಎಂದ, ಹೆಮ್ಮೆಯಿಂದ.

ಉಳಿದದ್ದು ಮಂಡಕ್ಕಿ.
ಭದ್ರಾ ನಾಲೆಯ ಭತ್ತ, ಇಲ್ಲಿಯದೇ ಮರಳು, ಇಲ್ಲಿಯದೇ ಬೆಂಕಿ.
ಚೀಲ ಹಿಡಿದು ಭಟ್ಟಿಗೇ ಹೋದೆ,
ಕಿರಾಣಿಯವನಿಗೇಕೆ ನಡುವಿನ ಲಾಭವೆಂದು.

ಭಟ್ಟಿಯ ಬಾಯಿಗೆ ಹಳೆ ಟೈರಿನ ಚೂರು.
ಯಾರೂ 'ಬರ್ರಿ' ಅನ್ನುವ ಮೊದಲೇ ಹೊಗೆ ಗಂಟಲನ್ನು ಮಾತಾಡಿಸಿತು.
ಖಾತೂನಬಿ ಜರಡಿ ಆಡಿಸುತ್ತಿದ್ದಳು: ಮರಳು ಕೆಳಗೆ,
ಮಂಡಕ್ಕಿ ಮೇಲೆ, ರೆಪ್ಪೆಯಲ್ಲಿ ಹಚ್ಚದೆಯೂ ಕಾಡಿಗೆ.
ಕೆಮ್ಮಿಗೂ ಜರಡಿಗೂ ಒಂದೇ ತಾಳ,
ಒಂದು ನಿಂತರೆ ಇನ್ನೊಂದು ತಪ್ಪುತ್ತಿತ್ತು.

ನನ್ನ ನಕ್ಷೆಯ ಕತೆ ಹೇಳಿದೆ. ಯಾಕೆ ಹೇಳಿದೆನೋ.
ನಕ್ಕಳು. 'ಅಕ್ಕಾ, ನಾ ತಿನ್ನಾದು ಸೊಸೈಟಿ ಅಕ್ಕಿ.
ಎಲ್ಲಿಂದ ಬರ್ತದೋ, ಚೀಲದ ಮ್ಯಾಲೆ ಯಾವುದೋ ಭಾಷೆ ಐತಿ.
ಅಲ್ಲೂ ಯಾರೋ ಕೆಮ್ಕೊಂತ ತುಂಬಿರ್ತಾರೆ ಬಿಡ್ರಿ.'

ಟೈರು ಬಿಟ್ಟು ಹೊಟ್ಟು ಉರಿಸಿದರೆ?
'ಚೀಲಕ್ಕೆ ಎಂಟು ರೂಪಾಯಿ ಜಾಸ್ತಿ. ಮಾಲೀಕ ಒಪ್ಪಂಗಿಲ್ಲ.'
ನಾನು ಕೊಡುತ್ತೇನೆ ಅಂದೆ.
'ನೀವೊಬ್ರು ಕೊಟ್ರೆ ನಿಮ್ಮ ಚೀಲದ ಹೊಗಿ ಅಷ್ಟೇ
ಬ್ಯಾರೆ ತೆಗೀಲಿಕ್ಕೆ ಆಗ್ತದೇನ್ರಿ? ಒಲಿ ಒಂದೇ ಐತಿ.'

ಬರಿಗೈಲಿ ಬರಬೇಕೆಂದಿದ್ದೆ.
ಅವಳ ಅಂದಿನ ಕೂಲಿ ಚೀಲದ ಲೆಕ್ಕದ್ದು.
ತಂದೆ.

ಸಂಜೆ ಈರುಳ್ಳಿ ಹೆಚ್ಚಿ, ಹುರಿಗಡಲೆ ಪುಡಿ ಉದುರಿಸಿ,
ಮೆಣಸಿನಕಾಯಿ ಕರಿದು ಕೊಟ್ಟೆ.
ಕರಿದ ಎಣ್ಣೆ ಯಾವ ಸಮುದ್ರ ದಾಟಿ ಬಂತೋ
ಆ ದಿನ ಕೇಳಲಿಲ್ಲ.
ಮಗಳು ಬೊಗಸೆಯಲ್ಲಿ ಒಂದು ಕಪ್ಪು ಕಾಳು ಕಂಡು
ಆಯ್ದು ಎಸೆಯಲು ಹೋದಳು. 'ಇರಲಿ, ತಿನ್ನು' ಎಂದೆ,
ನನಗೇ ಗಾಬರಿಯಾಗುವಷ್ಟು ಗಟ್ಟಿಯಾಗಿ.

ಎಂಟು ರೂಪಾಯಿ ಒಂದು ಡಬ್ಬಿಗೆ ಹಾಕುತ್ತಿದ್ದೇನೆ,
ಚೀಲ ತಂದಾಗೆಲ್ಲ. ಏನು ಮಾಡುವುದೋ ಗೊತ್ತಿಲ್ಲ.
ಎದುರುಮನೆ ಕೊಟ್ರಮ್ಮನೂ ಎರಡು ಸಲ ಹಾಕಿದಳು,
ಒಮ್ಮೆ ಆಟೋದವನ ಚಿಲ್ಲರೆಗೆಂದು ತೆಗೆದೂಕೊಂಡಳು.

ನಕ್ಷೆ ಈಗ ಮಂಡಕ್ಕಿ ಪೀಪಾಯಿಯ ತಳಕ್ಕೆ ಹಾಸಿದೆ.
ಪೆನ್ಸಿಲಿನ ಗೆರೆ ಉಪ್ಪು ತಾಗಿ ಮಾಸಿತು.
ಮುಳ್ಳು ಊರಿದ ತೂತು ಮಾತ್ರ ಕಾಣುತ್ತದೆ,
ನಮ್ಮ ಅಡುಗೆಮನೆ ಇದ್ದ ಜಾಗದಲ್ಲಿ.